ಹಣ್ಣಿನ ಕೋಣೆಯ ಗ್ರಾಫ್

ಕಲಬುರಗಿಯ ನನ್ನ ಮನೆಗೆ ಬರುವ ಬೀಗರು, ನಾನು ಕಮಲಾಪುರದವನೆಂದು ಗೊತ್ತಿದ್ದೂ, ಕೈಯಲ್ಲಿ ಕೆಂಪು ಬಾಳೆಹಣ್ಣನ್ನೇ ಹಿಡಿದುಕೊಂಡು ಬರುತ್ತಾರೆ. ನಿಮ್ಮೂರಿನವೇ ನೋಡ್ರಿ ಎಂದು ನಗುತ್ತಾರೆ. ನಾನೂ ನಕ್ಕು ತೆಗೆದುಕೊಳ್ಳುತ್ತೇನೆ. ಅವರು ಬಾಗಿಲು ದಾಟಿದ ಕೂಡಲೇ ಆ ಚೀಲವನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಎರಡೆರಡು ಸಲ ಕೈ ತೊಳೆಯುತ್ತೇನೆ. ಆ ವಾಸನೆ ಮನೆಯೊಳಗೆ ನಿಂತರೆ ನನಗೆ ಅವತ್ತು ಊಟ ಸೇರುವುದಿಲ್ಲ. ಹಣ್ಣಿನದೇನೂ ತಪ್ಪಿಲ್ಲ, ರುಚಿಯಾದ ಹಣ್ಣೇ. ಹೇಸಿಗೆ ಇರುವುದು ನನ್ನೊಳಗೆ. ಅದು ಎಲ್ಲಿಂದ ಬಂತೆಂಬುದನ್ನು ಇಲ್ಲಿ ಬರೆದುಬಿಡುತ್ತೇನೆ.

ನಾನು ಬೆಳೆದ ಮನೆಯ ನಟ್ಟನಡುವೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅದರ ಒಂದು ಬದಿಗೆ ಪಡಸಾಲೆ, ಇನ್ನೊಂದು ಬದಿಗೆ ಅಡುಗೆಮನೆ. ತೋಟದಿಂದ ಕಡಿದು ತಂದ ಹಸಿ ಗೊನೆಗಳನ್ನು ಆ ಕೋಣೆಯಲ್ಲಿ ಒಣ ಎಲೆಯ ಮೇಲೆ ಒಟ್ಟಿ, ಬಾಗಿಲಿನ ಸಂದಿಗಳಿಗೆಲ್ಲ ಸಗಣಿ ಮಣ್ಣು ಮೆತ್ತಿ, ಬಾಗಿಲ ಪಕ್ಕದ ಗೋಡೆಯಲ್ಲಿ ಮೊಣಕಾಲೆತ್ತರಕ್ಕಿದ್ದ ಗಂಡಿಯೊಳಗಿಂದ ಹೊಗೆ ಊದುತ್ತಿದ್ದರು. ಆಮೇಲೆ ಗಂಡಿಗೆ ಒದ್ದೆ ಗೋಣಿ ತುರುಕಿ ಅದರ ಮೇಲೂ ಸಗಣಿ ಬಳಿಯುತ್ತಿದ್ದರು. ಮೂರು ದಿನಕ್ಕೆ ಕಾಯಿ ಹಣ್ಣಾಗಬೇಕು. ಆ ಮೂರು ದಿನ ನಮ್ಮ ಉಸಿರೂ ಹೊಗೆ, ಹಾಸಿಗೆಯೂ ಹೊಗೆ. ಅವ್ವ ಬಡಿದ ರೊಟ್ಟಿಯ ಮೇಲೆ, ಮಜ್ಜಿಗೆಯ ಬಟ್ಟಲಿನಲ್ಲಿ, ಮಲಗಿದವರ ಕಣ್ಣಂಚಿನಲ್ಲಿ ಸಣ್ಣ ನೊಣ. ಬಾಳೆಯ ರಸ ತಾಗಿದ ಅಂಗಿಯ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಕಂದು ಕಲೆಯಿಲ್ಲದ ಒಂದು ಬಟ್ಟೆಯೂ ಇರಲಿಲ್ಲ. ಒಳ್ಳೆಯ ಹಣ್ಣು ಹೊರಗೆ ಹೋಗುತ್ತಿತ್ತು, ಸಿಪ್ಪೆ ಕರಿಯಾಗಿ ಕೈಗಂಟುವ ಹಣ್ಣು ನಮ್ಮ ತಾಟಿಗೆ ಬರುತ್ತಿತ್ತು. ಅದನ್ನೇ ಕಿವುಚಿ, ಬೆಲ್ಲ ಹಾಲು ಹಾಕಿ, ಸೀಕರಣಿ ಎಂದು ಅವ್ವ ಬಡಿಸುತ್ತಿದ್ದಳು. ಹಬ್ಬದ ದಿನ ಸೀಕರಣಿ ಮಾಡುವವರ ಮನೆಗಳನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತಿತ್ತು.

ಆ ಕೋಣೆ ಆಯಿಯ ಕೈಯಲ್ಲಿತ್ತು. ಆಯಿ ಎಂದರೆ ಅಪ್ಪನ ತಾಯಿ. ಗೊನೆ ಕಡಿಯುವುದು, ಹೊರುವುದು, ಮಾರುವುದು ಅಪ್ಪನ ಕೆಲಸವಾದರೂ ಬಾಗಿಲು ಮೆತ್ತುವುದು, ತೆಗೆಯುವ ದಿನ ಹೇಳುವುದು ಅವಳೊಬ್ಬಳೇ. ಗಂಡಿಯ ಮೇಲೆ ಸಗಣಿ ಬಳಿದ ನಂತರ ಅದು ಹಸಿಯಿರುವಾಗಲೇ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಅಲ್ಲಿಂದ ಮನೆಯಲ್ಲಿ ಯಾರೂ ಹಣ್ಣು ಎಂಬ ಮಾತು ಆಡುವಂತಿರಲಿಲ್ಲ. ಒಳಗೆ ಮಲಗ್ಯಾವ ಎನ್ನಬೇಕು. ಮೂರನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಗಂಡಿಯ ಪಕ್ಕದ ಗೋಡೆಗೆ ಅಂಗೈ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಎದ್ದಾವ ಎಂದರೆ ಬಾಗಿಲು ತೆಗೆಯಬೇಕು. ಇನ್ನೂ ಎದ್ದಿಲ್ಲ ಎಂದರೆ ಕಾಯಬೇಕು. ಅಪ್ಪ ಯಾರ ಮಾತೂ ಕೇಳದ ಮನುಷ್ಯ. ಅವ್ವನ ಮೇಲೆ ತಾಟು ಎಸೆದವನು. ಅವನೂ ಆ ಅಂಗೈ ಮುಂದೆ ಟವೆಲು ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಿದ್ದ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ನನ್ನನ್ನು ತೋಟಕ್ಕೆ ಹಾಕಿದ್ದರು. ಮತ್ತೆ ಶಾಲೆಗೆ ಹೋಗುತ್ತೇನೆಂದು ನಾನು ಹಟ ಹಿಡಿದಾಗ ಮೀಸೆ ಚಿಗುರುತ್ತಿತ್ತು. ಆಗ ನನ್ನ ಪರವಾಗಿ ಮಾತಾಡಿದವಳು ಆಯಿಯೇ. ಅಪ್ಪ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ.

“ನಿನ್ನ ಸಾಲಿ ಸಂಬಂಧ ಹಣ್ಣಿಗೆ ಒಂದ ಸಲ ತೊಂದ್ರಿ ಆತಂದ್ರ, ಚೀಲ ಒಲಿಗೆ ಹಾಕ್ತೀನಿ. ಆಮ್ಯಾಲ ಅತ್ತರ ಕೇಳಂಗಿಲ್ಲ, ನೋಡು.”

ಹೀಗೆ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನಾನು ಹತ್ತೊಂಬತ್ತು ವರ್ಷದವನು, ತರಗತಿಯ ಉಳಿದವರು ಹದಿನೈದರವರು. ನನ್ನನ್ನು ಅವರು ಮಾವಾ ಎಂದು ಕರೆಯುತ್ತಿದ್ದರು. ಕೊಳೆತ ಹಣ್ಣಿನ ವಾಸನೆಗೆ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಮಾವಾ ಬಂದ, ಮೂಗ ಮುಚ್ಕೊಳ್ರಿ ಎಂದು ಒಬ್ಬ ಕೂಗಿದರೆ ಹುಡುಗಿಯರೂ ನಗುತ್ತಿದ್ದರು. ನನಗೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಹೋಗುತ್ತಿದ್ದೆ, ಏಕೆಂದರೆ ಆ ವರ್ಷ ಭೌತಶಾಸ್ತ್ರವಿತ್ತು. ಅದರಲ್ಲಿ ವಸ್ತುಗಳು ಯಾಕೆ ಹೀಗಿವೆ ಎಂಬುದನ್ನು ಹೇಳಿಕೊಡುತ್ತಾರೆಂದು ಕೇಳಿದ್ದೆ. ಈಗ ನನ್ನ ಮೊಮ್ಮಗಳು ಹೈಸ್ಕೂಲಿಗೆ ಹೊರಟಿದ್ದಾಳೆ, ಫಿಸಿಕ್ಸ್‌ನಲ್ಲಿ ಏನಿರುತ್ತದೆ ಎಂದು ಮೊನ್ನೆ ಕೇಳಿದಳು. ನಮ್ಮ ಸರ ಮೊದಲ ದಿನ ಹೇಳಿದ್ದು ಅಕ್ಷರಕ್ಕಕ್ಷರ ನೆನಪಿದೆ. ಅವರು ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಬರುವವರು, ಬಂದ ಕೂಡಲೇ ಮರಳಿ ಹೋಗುವ ಬಸ್ಸಿನ ವೇಳೆ ನೋಡುವವರು.

“ಬರಕೊಳ್ರಿ. ಈ ವರ್ಷ ಬೆಳಕು, ಉಷ್ಣ, ಕರೆಂಟು. ವ್ಯಾಖ್ಯೆ ಬಾಯಿಪಾಠ. ಚಿತ್ರಕ್ಕ ಪೆನ್ಸಿಲ್. ಉತ್ತರದ ಮುಂದ ಮೀಟರು, ಡಿಗ್ರಿ ಅಂತ ಮಾನ ಬರೀದಿದ್ರ ಸೊನ್ನಿ. ಲೆಕ್ಕ ನಾ ಬೋರ್ಡಿನ ಮ್ಯಾಲ ಮಾಡ್ತೀನಿ, ನೀವು ಹಂಗ ಇಳಿಸ್ಕೊಳ್ರಿ.”

“ಪ್ರಯೋಗ ಯಾವಾಗ ಮಾಡೂದ್ರಿ ಸರ?” ಎಂದು ನಾನು ಎದ್ದು ನಿಂತು ಕೇಳಿದೆ.

“ಪ್ರಯೋಗ ಎಲ್ಲಾ ಪುಸ್ತಕದಾಗ ಆಗಿ ಹೋಗ್ಯಾವಪ್ಪ. ಮತ್ಯಾಕ ಮಾಡ್ತಿ? ಕೂಡು.”

ಪ್ರಯೋಗದ ಸಾಮಾನುಗಳು ಇರಲಿಲ್ಲವೆಂದಲ್ಲ, ಕಪಾಟಿನಲ್ಲಿದ್ದವು. ಆಯುಧಪೂಜೆಗೆ ವರ್ಷಕ್ಕೊಮ್ಮೆ ಹೊರಗೆ ತೆಗೆದು, ಮಸೂರಕ್ಕೂ ಅಯಸ್ಕಾಂತಕ್ಕೂ ಥರ್ಮಾಮೀಟರಿಗೂ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮತ್ತೆ ಬೀಗ ಹಾಕುತ್ತಿದ್ದರು. ಮಸೂರದ ಮೇಲೆ ಎಷ್ಟೋ ವರ್ಷದ ಎಣ್ಣೆ ಕುಂಕುಮ ಹೆಪ್ಪುಗಟ್ಟಿ ಅದರೊಳಗಿಂದ ಏನೂ ಕಾಣುತ್ತಿರಲಿಲ್ಲ. ಒಡೆದರೆ ವರ್ಗವಾಗಿ ಹೋಗುವಾಗ ತಾವು ಉತ್ತರ ಕೊಡಬೇಕಾಗುತ್ತದೆಂದು ಸರ ಅಂಜುತ್ತಿದ್ದರು. ಅಂಜಿಕೆ ನಿಜವೇ ಇರಬಹುದು. ಆದರೆ ನೋಡಲಿಕ್ಕಿರುವ ಗಾಜಿಗೆ ಕುಂಕುಮ ಮೆತ್ತಿ ಕೈಮುಗಿಯುವುದನ್ನು ಕಂಡು ಮೊದಲ ಸಲ ಶಾಲೆಯ ಬಗ್ಗೆಯೂ ನನಗೆ ವಾಕರಿಕೆ ಬಂತು.

ಉಷ್ಣದ ಪಾಠದಲ್ಲಿ ಒಂದು ಮಾತಿತ್ತು. ಕೈಯಿಂದ ಮುಟ್ಟಿ ಕಾವನ್ನು ಸರಿಯಾಗಿ ಹೇಳಲಾಗುವುದಿಲ್ಲ, ಕೈ ಮೋಸ ಮಾಡುತ್ತದೆ, ಅದಕ್ಕೇ ಥರ್ಮಾಮೀಟರು. ಬಿಸಿನೀರಿನಲ್ಲಿ ಅದ್ದಿದ ಕೈಗೆ ಉಗುರುಬೆಚ್ಚನೆಯ ನೀರು ತಣ್ಣಗೆನಿಸುತ್ತದೆ. ನಾನು ಮನೆಗೆ ಓಡಿಬಂದು ಮೂರು ಬೋಗುಣಿಯಲ್ಲಿ ನೀರಿಟ್ಟು ಮಾಡಿ ನೋಡಿದೆ. ನಿಜ. ಅವತ್ತು ಊಟಕ್ಕೆ ಕೂತಾಗ ಆಯಿಗೆ ಹೇಳಿದೆ.

“ಆಯಿ, ಕೈ ಸುಳ್ಳ ಹೇಳ್ತದಂತ. ಪುಸ್ತಕದಾಗ ಬರದಾರ.”

“ನನ್ನ ಕೈಯೇನೋ?”

“ಎಲ್ಲಾರ ಕೈನೂ.”

“ಬರದಾಂವ ನನ್ನ ಕೈ ಹಿಡದು ನೋಡ್ಯಾನೇನು? ರೊಟ್ಟಿ ತಿನ್ನು, ಆರತದ.” ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ತಲೆ ಎತ್ತಲಿಲ್ಲ. ನನಗೆ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಎಲ್ಲರೂ ಒಂದು ಪ್ರಾಜೆಕ್ಟ್ ಬರೆಯಬೇಕೆಂದು ಸರ ಹೇಳಿದರು. ಐದು ದಿನ ಏನಾದರೊಂದರ ಕಾವನ್ನು ಅಳೆದು ಗ್ರಾಫ್ ಎಳೆಯುವುದು. ಅಳೆಯುವುದೆಂದರೆ, ಹಿಂದಿನ ವರ್ಷದವರು ಎಳೆದ ಗ್ರಾಫನ್ನು ನೋಡಿ ಎಳೆಯುವುದು. ನಾನು ಮಾತ್ರ ಥರ್ಮಾಮೀಟರು ಕೇಳಿದೆ. ದೊಡ್ಡಾಂವ ಅದಿ ಅಂತ ಕೊಡ್ತೀನಿ, ಒಡದಿ ಅಂದ್ರ ನಿನ್ನ ಬಿಡಂಗಿಲ್ಲ ಎಂದು ಕೊಟ್ಟರು. ಕುಂಕುಮ ತೊಳೆದೆ. ಮನೆಯಲ್ಲಿ ಅವತ್ತೇ ಹೊಸ ಗೊನೆ ತುಂಬಿ ಬಾಗಿಲು ಮೆತ್ತಿದ್ದರು. ಗಂಡಿಯಿಂದ ಒಳಗಿನ ಕಾವು ನೋಡುತ್ತೇನೆಂದು ಆಯಿಯನ್ನು ಕೇಳಿದೆ. ಒಳಗ ಮಲಗ್ಯಾವ, ಗಂಡಿ ಮುಟ್ಟಬ್ಯಾಡ ಎಂದಳು. ಮತ್ತೆ ಕೇಳಲಿಲ್ಲ. ನನಗೆ ಬರಿಯ ಪ್ರಾಜೆಕ್ಟ್ ಬೇಕಿರಲಿಲ್ಲ. ಅವಳ ಅಂಗೈ ತಪ್ಪೆಂದು ತೋರಿಸಬೇಕಿತ್ತು.

ಮರುದಿನದಿಂದ, ಬೆಳಿಗ್ಗೆ ಅವಳು ಪೂಜೆಗೆ ಕೂತಾಗ, ಸಂಜೆ ಅವಳು ಹೊರಗಿನ ಕಟ್ಟೆಗೆ ಹೋದಾಗ, ನಾನು ಸಗಣಿ ಕಿತ್ತು, ಗೋಣಿ ಜಗ್ಗಿ, ದಾರ ಕಟ್ಟಿದ ಥರ್ಮಾಮೀಟರನ್ನು ಒಳಗೆ ಬಿಡುತ್ತಿದ್ದೆ. ಒಂದು ಕ್ಷಣದ ಕೆಲಸವೆಂದುಕೊಂಡಿದ್ದೆ. ಆದರೆ ಪಾದರಸ ನಿಲ್ಲುವವರೆಗೆ ಕಾಯಬೇಕೆಂದು ಪುಸ್ತಕದಲ್ಲಿತ್ತು, ನಾನು ಪುಸ್ತಕದಂತೆ ಕಾಯುತ್ತಿದ್ದೆ. ಗಂಡಿಯಿಂದ ಹೊಗೆ ನನ್ನ ಮುಖಕ್ಕೆ ಬರುತ್ತಿತ್ತು, ಅದರ ಹಿಂದೆ ಬಿಸಿ ಸಿಹಿ ವಾಸನೆ, ಯಾರೋ ಬಾಯಿ ತೆರೆದು ಮುಖದ ಮೇಲೆ ಉಸಿರು ಬಿಟ್ಟಂತೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಂಕಿ ಓದಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಗೋಣಿ ತುರುಕಿ, ಹಿತ್ತಲಿನಿಂದ ತಂದ ಸಗಣಿ ಬಳಿದು, ಕಡೆಗೆ ದೇವರ ಮಾಡದಿಂದ ವಿಭೂತಿ ತಂದು ನಾನೇ ಮೂರು ಗೆರೆ ಎಳೆಯುತ್ತಿದ್ದೆ. ಐದು ದಿನದಲ್ಲಿ ಹತ್ತು ಸಲ ಹಾಗೆ ಎಳೆದೆ.

ಮೂರನೆಯ ದಿನ ಆಯಿ ಗೋಡೆಗೆ ಅಂಗೈ ಹಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ನಿಂತಳು.

“ತಣ್ಣಗ ಹತ್ತತದ. ಇನ್ನೂ ಎದ್ದಿಲ್ಲ. ಎರಡ ದಿನ ಬಿಡ್ರಿ.”

ನನಗೆ ಒಳಗೊಳಗೇ ಖುಷಿಯಾಯಿತು. ಆಯಿಯ ಕೈ ಸೋತಿತು, ಹಿಂದಿನ ಸಂಜೆ ನನ್ನ ಥರ್ಮಾಮೀಟರು ಚೆನ್ನಾಗಿ ಏರಿತ್ತು ಎಂದುಕೊಂಡೆ. ಅವತ್ತು ಬೆಳಿಗ್ಗೆಯೂ ನಾನು ಗಂಡಿ ತೆಗೆದಿದ್ದೆ, ಗೋಡೆಯ ಆ ಭಾಗ ನಾನು ಬಿಟ್ಟ ಗಾಳಿಗೆ ತಣ್ಣಗಾಗಿತ್ತು, ಅವಳ ಅಂಗೈ ಇದ್ದದ್ದನ್ನೇ ಹೇಳಿತ್ತು. ಇಷ್ಟು ಸಣ್ಣ ಮಾತು ಹೊಳೆಯಲು ನನಗೆ ಇನ್ನೂ ಎರಡು ದಿನ ಬೇಕಾಯಿತು.

ಐದನೆಯ ದಿನ ಇಳಿಸಂಜೆ ಬಾಗಿಲು ತೆಗೆದರು. ಗಂಡಿಯ ಬದಿಯ ಗೊನೆಗಳು ಹಸಿರು, ಗಟ್ಟಿ. ಹಿಂದಿನ ಗೋಡೆಗೆ ಒಟ್ಟಿದ್ದವು ಒಡೆದು, ಕರಿ ರಸ ನೆಲದ ಮೇಲೆ ಹರಿದು ಹೊಸ್ತಿಲವರೆಗೆ ಬಂದಿತ್ತು. ಅಪ್ಪ ಒಂದು ಗೊನೆಯ ದಂಟು ಹಿಡಿದು ಎತ್ತಿದ. ದಂಟು ಮಾತ್ರ ಕೈಗೆ ಬಂತು, ಹಣ್ಣೆಲ್ಲ ಪಚಪಚನೆ ಕೆಳಗೆ ಬಿತ್ತು. ಒಳಗೆ ಬಿಳಿ ಹುಳ ಮಿಸುಕಾಡುತ್ತಿದ್ದವು. ಸಲಿಕೆಯಿಂದ ಬಾಚಿ ಬುಟ್ಟಿಗೆ ತುಂಬಿ ತಿಪ್ಪೆಗೆ ಹೊತ್ತವನು ನಾನು. ಬುಟ್ಟಿಯಿಂದ ಸೋರಿದ ರಸ ಕಿವಿಯ ಹಿಂದೆ ಇಳಿದು ಅಂಗಿಯೊಳಗೆ ಹೋಯಿತು. ಹೊಟ್ಟೆಯಲ್ಲಿದ್ದದ್ದೆಲ್ಲ ತಿಪ್ಪೆಯ ಮೇಲೇ ಕಾರಿದೆ. ಕೊಳೆಯದ ಅಷ್ಟಿಷ್ಟನ್ನು ಅವ್ವ ಆರಿಸಿ ಹದಿನೈದು ದಿನ ಸೀಕರಣಿ ಮಾಡಿದಳು. ನಾನು ಒಂದು ತುತ್ತೂ ಬಿಡದೆ ತಿಂದೆ. ಬಿಟ್ಟರೆ ಯಾಕೆಂದು ಕೇಳುತ್ತಾರೆಂಬ ಹೆದರಿಕೆ.

ಬಾಗಿಲು ತೆಗೆದ ಗಳಿಗೆಯಲ್ಲಿ ಆಯಿ ಕೋಣೆಯೊಳಗೆ ಬರಲಿಲ್ಲ. ಗಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅರೆ ಒಣಗಿದ ಸಗಣಿಯ ಮೇಲಿನ ಮೂರು ಗೆರೆಗಳ ಮೇಲೆ ತನ್ನ ಮೂರು ಬೆರಳಿಟ್ಟಳು. ಗೆರೆಗಳು ಅವಳ ಬೆರಳಿಗಿಂತ ದಪ್ಪ. ಆಮೇಲೆ ತಲೆ ಎತ್ತಿ ನನ್ನ ಕೈ ನೋಡಿದಳು. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಅಡಗಿಸಲು ಆಗಲಿಲ್ಲ. ಅಪ್ಪ ಪಡಸಾಲೆಗೆ ಬಂದು ಎಲ್ಲರನ್ನೂ ನಿಲ್ಲಿಸಿ ಕೇಳಿದ.

“ಬಾಗಲಾ, ಗಂಡಿ, ಯಾರರ ಮುಟ್ಟೀರೇನು? ಖರೇ ಹೇಳ್ರಿ.”

ಅವ್ವ ಇಲ್ಲ ಎಂದಳು. ನಾನು ಇಲ್ಲ ಎಂದೆ. ಆಯಿ ಸೆರಗಿನಿಂದ ಬೆರಳ ವಿಭೂತಿ ಒರೆಸಿಕೊಂಡಳು.

“ಯಾರ ಮುಟ್ತಾರೋ? ಹವಾ ಸರಿ ಇಲ್ಲ ಈ ಸಲ.”

ಅವಳು ನನ್ನ ಚೀಲವನ್ನು ಒಲೆಯಿಂದ ಉಳಿಸಿದ್ದಳು. ನಾನು ಅದಕ್ಕೆ ತಕ್ಕಂತೆ ಒಂದು ಹೇಡಿಯ ಉಪಾಯ ಮಾಡಿಕೊಂಡೆ. ಗ್ರಾಫ್ ಹೇಳುತ್ತದೆ ಎಂದುಕೊಂಡೆ. ನನ್ನ ಹತ್ತು ಅಂಕಿಗಳನ್ನು ಚುಕ್ಕಿಯಿಟ್ಟು ಸೇರಿಸಿದಾಗ ಗೆರೆ ಏರಿ, ಬಿದ್ದು, ಮತ್ತೆ ಏರಿ, ಮತ್ತೆ ಬಿದ್ದಿತ್ತು. ಒಂದೊಂದು ತಗ್ಗೂ ಬೆಳಗಿನ ತಂಪು ಗಾಳಿಗೆ ನಾನು ಗಂಡಿ ತೆಗೆದದ್ದರ ಗುರುತು. ಪರೀಕ್ಷೆ ಮುಗಿದ ಮೇಲೆ ಇದನ್ನು ಅಪ್ಪನ ಮುಂದೆ ಹಾಸಿ, ಬೆರಳು ತೋರಿಸಿ ಹೇಳಿಬಿಡಬೇಕು, ಆಮೇಲೆ ಅವನು ಏನಾದರೂ ಮಾಡಲಿ. ಗ್ರಾಫನ್ನು ಸರಗೆ ಕೊಟ್ಟೆ. ಅವರು ಕನ್ನಡಕ ಏರಿಸಿದರು.

“ಇದೇನೋ ಮಾವಾ, ಗರಗಸ ಇದ್ದಂಗ ಅದ?”

“ಮುಂಜಾನಿ ಗಂಡಿ ತೆಗದಾಗೆಲ್ಲ ಇಳದದ್ರಿ ಸರ. ಹೊರಗಿನ ತಂಪ ಹವಾ ಹೋಗಿ.”

“ಅಂದ್ರ ಅದು ನಿನ್ನ ತಪ್ಪು, ಕ್ವಾಣಿದಲ್ಲ. ಹೌದಿಲ್ಲೋ?”

“ಹೌದ್ರಿ.”

“ಮತ್ತ ನಿನ್ನ ತಪ್ಪ ಗ್ರಾಫಿನಾಗ ಯಾಕ ಬೇಕು? ತೆಗದ ಹಾಕು. ತಗ್ಗಿನ ಚುಕ್ಕಿ ಬಿಡು, ಮ್ಯಾಲಿನವು ಸೇರಸು. ನೀಟ್ ಕಾಣ್ತದ. ಕಲಬುರಗಿ ವಿಜ್ಞಾನ ಪ್ರದರ್ಶನಕ್ಕ ಕಳಸೂಣು ಇದನ್ನ, ಬಾಳಿಹಣ್ಣಿಂದು ಯಾರೂ ಮಾಡಿಲ್ಲ.”

ಅಲ್ಲಿಯೇ ಅವರ ಮೇಜಿನ ಮೂಲೆಯಲ್ಲಿ ಕೂತು ಹೊಸ ಹಾಳೆಯ ಮೇಲೆ ಎಳೆದೆ. ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹಳೆಯ ಹಾಳೆಯನ್ನು ಸರ ಮಡಚಿ ಟಿಫಿನ್ ಡಬ್ಬಿಯ ಕೆಳಗೆ, ಮೇಜಿಗೆ ಎಣ್ಣೆ ಹತ್ತದಂತೆ, ಇಟ್ಟುಕೊಂಡರು. ನಾನು ನೋಡುತ್ತಲೇ ಇದ್ದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಕಲಬುರಗಿ ಒಂದೇ.

ಪ್ರದರ್ಶನದ ದಿನ ಅಪ್ಪನೂ ಅಂಗಡಿಗಳಿಗೆ ಹಣ್ಣು ಹಾಕಲು ಕಲಬುರಗಿಗೆ ಬಂದಿದ್ದ. ಹೆಗಲಿನ ಟವೆಲು ಸರಿಮಾಡಿಕೊಳ್ಳುತ್ತ, ಜನರನ್ನು ಸರಿಸುತ್ತ ನನ್ನ ಮೇಜಿನವರೆಗೆ ಬಂದ. ನಾನು ಮೇಜಿನ ಹಿಂದಕ್ಕೆ ಸರಿದೆ. ಸರ ಕೋಲು ಹಿಡಿದು ಅವನಿಗೆ ವಿವರಿಸಿದರು.

“ನೋಡ್ರಿ ಯಜಮಾನ್ರ, ಇದು ನಿಮ್ಮ ಕ್ವಾಣಿ ಕಾವು. ಮೊದಲ್ನೇ ದಿನ ಇಲ್ಲಿ, ಐದನೇ ದಿನ ಇಲ್ಲಿ. ಒಂದ ದಿನಾನೂ ಇಳಿದಿಲ್ಲ. ನಿಮ್ಮ ಮಗ ಅಳದಾನ.”

“ಒಂದ ದಿನಾನೂ ಇಳಿದಿಲ್ಲೇನ್ರೀ?”

“ಏನೂ ಇಲ್ಲ. ಗೆರಿನೇ ಹೇಳತದಲ್ರೀ.”

ಥರ್ಮಾಮೀಟರನ್ನೂ ಆಯಿಯ ಅಂಗೈಯಂತೆ ಹೊರಗಿನಿಂದಲೇ ಗೋಡೆಗೆ ಹಚ್ಚುತ್ತಾರೆಂದುಕೊಂಡನೋ ಏನೋ, ಹೇಗೆ ಅಳೆದೆ ಎಂದು ಅಪ್ಪ ಕೇಳಲಿಲ್ಲ. ಗೆರೆಯ ಮೇಲೆ ಒಡೆದ ಉಗುರಿನ ಬೆರಳು ಎಳೆದ. ಮೂರನೆಯ ದಿನಕ್ಕೆ ಬಂದು ನಿಲ್ಲಿಸಿದ.

“ಹಂಗಾದ್ರ ಮೂರಕ್ಕ ಹಣ್ಣಾಗಿದ್ವು. ಕಾವ ಬರಾಬರಿ ಇತ್ತು. ಮುದುಕಿ ಸುಮ್ಮಸುಮ್ಮಕ ಎರಡ ದಿನ ಜಾಸ್ತಿ ಇಟ್ಟು ಹಾಳ ಮಾಡಿದಳು.”

ಅವನು ಸಿಟ್ಟಿನಿಂದ ಅಂದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅವನು ಹೆಮ್ಮೆಯಿಂದ ಅಂದ. ನನ್ನ ಬೆನ್ನ ಮೇಲೆ ಕೈಯಿಟ್ಟ, ನನಗೆ ನೆನಪಿದ್ದಂತೆ ಹೊಡೆಯದೆ ಕೈಯಿಟ್ಟದ್ದು ಅದೇ ಮೊದಲು. ಆ ಕೈ ಇನ್ನಷ್ಟು ಹೊತ್ತು ಅಲ್ಲಿಯೇ ಇರಲೆಂದು ನಾನು ಸುಮ್ಮನಿದ್ದೆ. ಇದಕ್ಕಿಂತ ಹೇಸಿಗೆಯ ಮಾತನ್ನು ನನ್ನ ಬಗ್ಗೆ ನಾನು ಬರೆಯಲಾರೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪ ಆಯಿಗೆ ಹೇಳಿದ. ನಿನ್ನ ಕೈ ಸೋತದವ್ವ, ಇನ್ನ ಸಾಕು, ಕಾಗದದಾಗ ಬಂದದ ಎಂದ. ಜಗಳವಾಗುತ್ತದೆಂದು ಅವ್ವ ಲಾಟೀನನ್ನು ದೂರ ಸರಿಸಿದಳು. ಜಗಳವಾಗಲಿಲ್ಲ. ಆಯಿ ನನ್ನನ್ನು ಹತ್ತಿರ ಕರೆದು ಗ್ರಾಫ್ ಬಿಚ್ಚಿಸಿದಳು.

“ಮೂರನೇ ದಿನದ ಮುಂಜಾನಿ ಯಾವದಪ್ಪ ಇದರಾಗ?”

ತೋರಿಸಿದೆ. ಅವಳು ಕಾಗದಕ್ಕೆ ಅಂಗೈ ಹಚ್ಚಿದಳು, ಗೋಡೆಗೆ ಹಚ್ಚುವ ಹಾಗೆಯೇ.

“ಅವತ್ತ ಗ್ವಾಡಿ ತಣ್ಣಗಿತ್ತು. ಇದರಾಗ ಇಲ್ಲೇನು?”

“ಇಲ್ಲ ಆಯಿ.”

“ಇಲ್ಲಂದ್ರ ಇಲ್ಲ ಬಿಡು,” ಎಂದು ಕಾಗದವನ್ನು ಸುಕ್ಕಾಗದಂತೆ ಸುತ್ತಿ ನನ್ನ ಕೈಗೆ ಕೊಟ್ಟಳು. ಆಮೇಲೆ ಅವಳು ಆ ಕೋಣೆಯ ಕಡೆ ಹೋಗಲಿಲ್ಲ. ಬಾಗಿಲು ಮೆತ್ತುವುದನ್ನು ಅವ್ವ ಮಾಡಿದಳು, ವಿಭೂತಿಯನ್ನು ಯಾರೂ ಎಳೆಯಲಿಲ್ಲ. ಅಪ್ಪ ಬಾಗಿಲಿನ ಹಲಗೆ ಕೊರೆಸಿ ಅಂಗೈಯಗಲದ ಗಾಜು ಕೂರಿಸಿದ, ಕಲಬುರಗಿಯಿಂದ ಹೊಸ ಥರ್ಮಾಮೀಟರು ತಂದು ಗಾಜಿನ ಹಿಂದೆ ತೂಗುಹಾಕಿದ. ಗಂಡಿ ತೆಗೆಯುವ ಕೆಲಸವೇ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಶಾಲೆ ಬಿಡಿಸುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ನಾನು ಪಾಸಾದೆ, ಭೌತಶಾಸ್ತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದವು.

ಗಾಜು ಕೂರಿಸಿದ ಮೇಲೆ ತುಂಬಿದ ಮೊದಲ ಗೊನೆಗಳ ಮೂರನೆಯ ದಿನ ಬೆಳಿಗ್ಗೆ ಆಯಿ ಸ್ನಾನ ಮುಗಿಸಿ ಬಂದು, ಎಂದಿನ ಜಾಗದಲ್ಲಿ ನಿಲ್ಲದೆ, ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಎರಡೂ ಕೈ ಮಡಿಲಲ್ಲಿದ್ದವು. ನಾನು ಗಾಜಿಗೆ ಕಣ್ಣು ಹಚ್ಚಿದೆ. ಅಪ್ಪ ಹೊರಗಿನಿಂದ ಎಷ್ಟ ಅದನೋ ಎಂದು ಕೂಗಿದ. ಮೂವತ್ತೊಂದು ಎಂದು ನಾನೂ ಕೂಗಿದೆ.

“ಎಷ್ಟಂದೆಪ್ಪ?” ಆಯಿ ಕೇಳಿದಳು.

“ಮೂವತ್ತೊಂದು ಆಯಿ.”

“ಖರೇನ?”

ಅದು ನಿಜವಾದ ಅಂಕಿಯಾಗಿತ್ತು. ಗಾಜು ಸ್ವಚ್ಛವಿತ್ತು, ಪಾದರಸ ನಿಂತಿತ್ತು, ನಾನು ಸರಿಯಾಗಿ ಓದಿದ್ದೆ. ಆದರೂ, ಗ್ರಾಫಿನ ಮುಂದೆ ಇಲ್ಲ ಎಂದಿದ್ದ ಬಾಯಿಯಿಂದ ಹೌದು ಎನ್ನಲಾಗದೆ, ಮತ್ತೆ ಗಾಜಿಗೆ ಕಣ್ಣು ಹಚ್ಚಿದೆ. ನಾನು ತಿರುಗಿದಾಗ ಆಯಿ ಹೂಂ ಎಂಬಂತೆ ತಾನೇ ತಲೆಯಾಡಿಸಿದಳು.